ಎರಡು ಬನಶಂಕರಿ, ಎರಡು ಕೊರಳು

ಬೆಂಗಳೂರಲ್ಲಿ ‘ಬನಶಂಕರಿ’ ಅಂದ್ರೆ ನಮ್ಮಂಥವರಿಗೆ ಮೊದಲು ನೆನಪಾಗೋದು ಮೆಟ್ರೊ ಸ್ಟೇಷನ್. ಆಮೇಲೆ ಬಸ್ ನಿಲ್ದಾಣ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚೋಕೆ ನಿಂತ ಸಾಲು, ಕೊನೆಗೆ ಟ್ರಾಫಿಕ್ಕು. ಆರು ವರ್ಷದಿಂದ ಅಲ್ಲೇ ಹತ್ತಿರದಲ್ಲಿ ಬಾಡಿಗೆಗೆ ಇದ್ದೀನಿ. ಆದರೆ ನಮ್ಮ ಮನೆಯಲ್ಲಿ ಬನಶಂಕರಿ ಅಂದರೆ ಬೇರೆ. ನಮ್ಮದು ಇಳಕಲ್ಲಿನ ನೇಕಾರ ಮನೆತನ. ದೇವಾಂಗದವರಿಗೆ ಬನಶಂಕರಿ ಕುಲದೇವತೆ. ಆ ತಾಯಿ ಇರೋದು ಇಲ್ಲಿಂದ ನಾನೂರು ಕಿಲೋಮೀಟರಿಗೂ ದೂರ, ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ.

ಈ ಸಲ ಜಾತ್ರೆಗೆ ಹೋಗಿಬಂದೆ. ಅವ್ವನ ಹರಕೆ ಇತ್ತು. ಆದರೆ ಈ ಬರಹ ಇರೋದು ಕುತ್ತಿಗೆಯ ಬಗ್ಗೆ. ಅದರ ಮೇಲಿನ ಗೆರೆ, ಜೋತುಬಿದ್ದ ಚರ್ಮ, ಅದನ್ನೆಲ್ಲ ಸರಿಮಾಡ್ತೀವಿ ಅನ್ನೋ ಕ್ಲಿನಿಕ್ಕುಗಳ ಬಗ್ಗೆ. ಜಾತ್ರೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಹದಿನೈದು ಸಾವಿರದ ಗೆರೆ

ದಿನಾ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಟೀಮಿನ ವಿಡಿಯೊ ಕಾಲ್. ಎಂಟು ಜನರ ಮುಖ ಸ್ಕ್ರೀನ್ ಮೇಲೆ ಇದ್ದರೂ ನಾನು ನೋಡೋದು ನನ್ನದೊಂದನ್ನೇ. ನೀವೂ ಹಾಗೇ, ಸುಳ್ಳು ಹೇಳಬೇಡಿ. ಹೀಗೆ ನೋಡ್ತಾ ನೋಡ್ತಾ ಕಳೆದ ವರ್ಷ ಕುತ್ತಿಗೆ ಮೇಲೆ ಎರಡು ಅಡ್ಡ ಗೆರೆ ಕಂಡವು. ಒಮ್ಮೆ ಕಂಡ ಮೇಲೆ ಮುಗೀತು, ಬೇರೆ ಏನೂ ಕಾಣಲಿಲ್ಲ. ನನಗೆ ಮೂವತ್ತು. ಮನೆಯಲ್ಲಿ ಮದುವೆ ಮಾತು ಬೇರೆ ನಡೀತಿದೆ.

ಒಂದು ಶನಿವಾರ ಕ್ಲಿನಿಕ್ಕಿಗೆ ಹೋದೆ. ಎಸಿ, ಹಸಿರು ಚಹಾ, ಗೋಡೆ ತುಂಬ ‘ಮೊದಲು–ನಂತರ’ದ ಫೋಟೊಗಳು. ನನ್ನನ್ನ ನೋಡಿದ್ದು ಡಾಕ್ಟರ್ ಅಲ್ಲ, ಟ್ಯಾಬ್ ಹಿಡಿದ ಒಬ್ಬ ಕೌನ್ಸೆಲರ್. “ನಿಮ್ಮ ವಯಸ್ಸಿಗೆ ಇದು ಜಾಸ್ತಿನೇ ಆಯ್ತು ಮ್ಯಾಮ್” ಅಂದಳು. ಮೂರು ಸಿಟ್ಟಿಂಗ್ ಅಲ್ಟ್ರಾಸೌಂಡ್, ಒಂದು ಫಿಲ್ಲರ್, ಮೇಲೆ ಒಂದು ಕ್ರೀಮ್ ಸೇರಿದ ಪ್ಯಾಕೇಜ್ ತೋರಿಸಿದಳು. ಇವತ್ತೇ ಬುಕ್ ಮಾಡಿದರೆ ರಿಯಾಯಿತಿ. ರಿವ್ಯೂ ಆಗದೆ ಒಂದು ಸಾಲು ಕೋಡನ್ನೂ ಮರ್ಜ್ ಮಾಡದವಳು ನಾನು. ಅವತ್ತು ಐದೇ ನಿಮಿಷದಲ್ಲಿ ಯುಪಿಐ ಪಿನ್ ಒತ್ತಿ ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟುಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಬೇರೆ ಕಡೆ ಒಬ್ಬ ಚರ್ಮತಜ್ಞೆಯನ್ನ ಕಂಡೆ. ಅವರು ಟಾರ್ಚ್ ಹಾಕಿ ನೋಡಿದರು, ಮುಟ್ಟಿ ನೋಡಿದರು. ಬಿಸಿಲಲ್ಲಿ ಓಡಾಡ್ತೀರಾ, ಥೈರಾಯ್ಡ್ ಇದೆಯಾ, ತೂಕ ಏರಿಳಿದಿದೆಯಾ ಅಂತ ಕೇಳಿದರು. ಕೊನೆಗೆ ಹೇಳಿದ್ದು ಎರಡೇ ಮಾತು. “ಕುತ್ತಿಗೆಯಲ್ಲಿ ಗೆರೆ ಬೇರೆ, ಸಡಿಲು ಬೇರೆ. ಎರಡಕ್ಕೂ ಮದ್ದು ಒಂದೇ ಅಲ್ಲ.” ಮತ್ತೆ, “ನಿಮ್ಮ ಚಿಕ್ಕಂದಿನ ಫೋಟೊ ಇದ್ದರೆ ಒಂದ್ಸಲ ನೋಡಿ.”

ಅವ್ವನಿಗೆ ಫೋನ್ ಮಾಡಿ ಹಳೇ ಫೋಟೊ ಕೇಳಿದೆ. ಯಾಕೆ ಅಂತ ಹೇಳಲಿಲ್ಲ. “ಜಾತ್ರಿಗೆ ಬಾ, ತರ್ತೀನಿ” ಅಂದಳು.

ಇಳಕಲ್ ಸೀರೆ, ಕಾಲಲ್ಲಿ ಶೂ

ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯೋ ಹೊತ್ತಿಗೆ ಕಿಟಕಿ ಹೊರಗೆ ಬೇರೆಯೇ ಕರ್ನಾಟಕ. ಗದಗ ದಾಟಿದ ಮೇಲೆ ಎರಡೂ ಕಡೆ ಎರೆ ಭೂಮಿ, ತೆನೆ ಹೊತ್ತ ಬಿಳಿಜೋಳ, ನಡುನಡುವೆ ಕಡಲೆ ಹೊಲ. ಹೊಳೆಆಲೂರು ದಾಟಿ ಇನ್ನಷ್ಟು ದೂರ ಹೋದರೆ ಕೆಂಪು ಗುಡ್ಡಗಳು. ಬಾದಾಮಿ ಬಂತು ಅಂತ ಯಾರೂ ಹೇಳಬೇಕಿಲ್ಲ. ಸ್ಟೇಷನ್ನಿನಿಂದ ಊರಿಗೆ ಟಂಟಂ ಹಿಡಿದು ಬಸ್ ನಿಲ್ದಾಣದಲ್ಲಿ ಇಳಿದೆ.

ಅವ್ವ ಬಾಗಲಕೋಟೆಯಿಂದ ಬಸ್ಸಲ್ಲಿ ಬಂದು ಕಾಯ್ತಿದ್ದಳು. ತೋಪತೆನಿ ಸೆರಗಿನ ಇಳಕಲ್ ಸೀರೆ, ಕೆಳಗೆ ಸ್ಪೋರ್ಟ್ಸ್ ಶೂ. ನನಗೆ ನಗು ತಡೆಯಲಿಲ್ಲ. “ಏನ್ ನಗ್ತಿ? ಸಕ್ಕರಿ ಕಾಯಿಲೆಯವರು ಬರಗಾಲಲೆ ನಡೀಬಾರದಂತ ಡಾಕ್ಟ್ರು ಹೇಳ್ಯಾರ. ಅವ್ವಗೂ ಗೊತ್ತೈತಿ” ಅಂದಳು. ಎರಡನೇ ಅವ್ವ ಅಂದರೆ ಬನಶಂಕರಿ.

ಅವಳ ಹರಕೆ ಇದು: ಸಕ್ಕರೆ ಹತೋಟಿಗೆ ಬಂದರೆ ಬಾದಾಮಿಯಿಂದ ಗುಡಿವರೆಗೆ ಐದು ಕಿಲೋಮೀಟರ್ ನಡೆದು ಬರ್ತೀನಿ ಅಂತ. ಮೂರು ವರ್ಷದ ಹಿಂದೆ ಅವಳಿಗೆ ಬೀದಿ ಕೊನೆಯ ಕಿರಾಣಿ ಅಂಗಡಿಗೆ ನಡೆಯೋದೂ ಆಗ್ತಿರಲಿಲ್ಲ. ಎಂಬತ್ತೆರಡು ಕಿಲೋ ತೂಕ, ಮಂಡಿನೋವು. ಆಮೇಲೆ ನವನಗರದ ರಸ್ತೆಗಳಲ್ಲಿ ಬೆಳಗ್ಗೆ ಸಂಜೆ ನಡೆದು, ಊಟದ ತಟ್ಟೆ ಬದಲಿಸಿ, ಹದಿನೆಂಟು ಕಿಲೋ ಇಳಿಸಿದಳು. ಹೈಸ್ಕೂಲಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಹೋದ ವರ್ಷ ನಿವೃತ್ತಿಯಾದ ಟೀಚರ್ ಅವಳು. ಹಠ ಹಿಡಿದರೆ ಬಿಡೋದಿಲ್ಲ.

ನಡೆಯೋಕೆ ಶುರುಮಾಡಿದೆವು. ರಸ್ತೆ ತುಂಬ ಜನ. ಪಾದಯಾತ್ರೆಯವರು, ಟ್ರ್ಯಾಕ್ಟರು, ಬೈಕು, ಚಕ್ಕಡಿ. ಬನದ ಹುಣ್ಣಿಮೆಯ ತೇರು ಮುಗಿದು ವಾರ ಆಗಿದ್ದರೂ ಜಾತ್ರೆ ಇಳಿದಿರಲಿಲ್ಲ. ಇಲ್ಲಿ ಜಾತ್ರೆ ಒಂದೆರಡು ದಿನದ್ದಲ್ಲ, ವಾರಗಟ್ಟಲೆ ನಡೆಯೋದು. ನಾಟಕ ಕಂಪನಿಗಳ ಟೆಂಟುಗಳು, ಮೈಕಲ್ಲಿ ರಾತ್ರಿ ಆಟದ ಜಾಹೀರಾತು. ಅವ್ವ ನನಗಿಂತ ಮುಂದೆ. ಬಿಸಿಲು ಏರಿದರೂ ಏದುಸಿರಿಲ್ಲ. ಒಂದೇ ವಿಚಿತ್ರ ಅನ್ನಿಸಿದ್ದು, ಸೆರಗನ್ನ ತಲೆ ಮೇಲಷ್ಟೇ ಅಲ್ಲ, ಕುತ್ತಿಗೆಗೂ ಒಂದು ಸುತ್ತು ಸುತ್ತಿಕೊಂಡಿದ್ದಳು. ಬಿಸಿಲಿಗೆ ಅಂದುಕೊಂಡೆ.

ಹೊಂಡದ ಕಟ್ಟೆ ಮೇಲೆ

ಬನಶಂಕರಿ ಗುಡಿ ಎದುರಿಗೆ ದೊಡ್ಡ ಹೊಂಡ. ಹರಿದ್ರಾ ತೀರ್ಥ ಅಂತ ಹೆಸರು. ಹರಿದ್ರಾ ಅಂದರೆ ಅರಿಶಿನ. ಸುತ್ತ ಕಲ್ಲಿನ ಸಾಲುಮಂಟಪ, ಪಕ್ಕದಲ್ಲಿ ದೀಪಗೋಪುರ. ದೇವಿಯ ಕ್ಷೇತ್ರ ಚಾಲುಕ್ಯರ ಕಾಲದ್ದು, ಈಗ ಕಾಣೋ ಗುಡಿಯನ್ನ 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ಒಳಗೆ ಸಿಂಹದ ಮೇಲೆ ಕೂತ ಎಂಟು ಕೈಯ ಕಪ್ಪು ಶಿಲೆಯ ತಾಯಿ. ಇವಳಿಗೆ ಶಾಕಂಭರಿ ಅಂತಲೂ ಹೆಸರು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಜನರಿಗೆ ಉಣಿಸಿದವಳು ಅನ್ನೋದು ಕಥೆ. ಅದಕ್ಕೇ ಜಾತ್ರೆ ಹೊತ್ತಿಗೆ ಪಲ್ಲೇದ ಹಬ್ಬ, 108 ಬಗೆಯ ಪಲ್ಯದ ನೈವೇದ್ಯ.

ದರ್ಶನಕ್ಕೆ ಒಂದೂವರೆ ಗಂಟೆ ಸಾಲು. ಗರ್ಭಗುಡಿ ಮುಂದೆ ಸಿಕ್ಕಿದ್ದು ನಾಲ್ಕು ಸೆಕೆಂಡು. ಇತ್ತೀಚೆಗೆ ನನ್ನ ಕಣ್ಣು ಎಲ್ಲಿ ಹೋದರೂ ಎದುರಿಗಿದ್ದವರ ಕುತ್ತಿಗೆಗೇ ಹೋಗೋದು. ಅಲ್ಲೂ ಹೋಯ್ತು. ಹಾರ, ಸರ, ರೇಷ್ಮೆ ಸೀರೆಯ ನಡುವೆ ದೇವಿಯ ಕೊರಳು ಕಾಣಲೇ ಇಲ್ಲ. ನಾಚಿಕೆಯಾಗಿ ಕೈಮುಗಿದೆ.

ಹೊರಗೆ ಬಂದು ಮಂಟಪದ ನೆರಳಲ್ಲಿ ಕೂತೆವು. ಅವ್ವ ಪರ್ಸಿನಿಂದ ಫೋಟೊ ತೆಗೆದಳು. ಇದೇ ಹೊಂಡದ ಕಟ್ಟೆ. ಐದು ವರ್ಷದ ನಾನು, ಎರಡು ಜಡೆ, ಕೈಯಲ್ಲಿ ಪೀಪಿ. ಅವತ್ತು ಮುಖಕ್ಕೂ ಕುತ್ತಿಗೆಗೂ ಬಳಿದಿದ್ದ ಪೌಡರು ಬೆವರಿಗೆ ಕರಗಿ ಕುತ್ತಿಗೆಯ ಮಡಿಕೆಯಲ್ಲಿ ಕೂತುಬಿಟ್ಟಿದೆ. ಸ್ಪಷ್ಟವಾಗಿ, ಬಿಳಿಯಾಗಿ, ಎರಡು ಗೆರೆ. ಅದೇ ಎರಡು ಗೆರೆ.

ಡಾಕ್ಟರ್ ಯಾಕೆ ಫೋಟೊ ನೋಡಿ ಅಂದರು ಅನ್ನೋದು ಆಗ ಅರ್ಥವಾಯ್ತು. ಕುತ್ತಿಗೆ ಬಾಗೋ ಕಡೆ ಬೀಳುವ ಅಡ್ಡ ಮಡಿಕೆ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇರುತ್ತೆ. ದಿನವಿಡೀ ತಲೆ ಬಗ್ಗಿಸಿ ಫೋನ್ ನೋಡೋದರಿಂದ ಆ ಮಡಿಕೆ ಇನ್ನಷ್ಟು ಎದ್ದುಕಾಣಬಹುದು. ಆದರೆ ಎಲ್ಲ ಗೆರೆಯೂ ಫೋನಿನದ್ದಲ್ಲ, ಎಲ್ಲವೂ ವಯಸ್ಸಿನದ್ದೂ ಅಲ್ಲ. ಕೊರೊನಾ ಕಾಲದಲ್ಲಿ ಜನ ವಿಡಿಯೊ ಕಾಲಲ್ಲಿ ತಮ್ಮನ್ನೇ ನೋಡಿಕೊಂಡು ಚರ್ಮದ ಡಾಕ್ಟರ ಹತ್ತಿರ ಬರೋದು ಜಾಸ್ತಿಯಾಯ್ತು ಅಂತ ಹಲವು ದೇಶದ ವೈದ್ಯರು ಬರೆದಿದ್ದಾರೆ. ಕೆಳಗಿಟ್ಟ ಲ್ಯಾಪ್‌ಟಾಪ್, ಹತ್ತಿರದ ಕ್ಯಾಮೆರಾ, ಕೆಟ್ಟ ಬೆಳಕು. ಇರೋದೇ ಹಾಗೆ ಅಂದುಕೊಳ್ಳೋದು ನಾವು.

ನನ್ನ ಕಥೆ ಹೇಳೋಣ ಅಂತ ಬಾಯಿ ತೆರೆಯೋಷ್ಟರಲ್ಲಿ ಅವ್ವ ಸುತ್ತ ನೋಡಿ, ಸೆರಗಿನ ಸುತ್ತು ಬಿಚ್ಚಿದಳು.

“ನೋಡಿಲ್ಲೆ. ಇದಕ್ಕೇನರ ಮಾಡಾಕ ಬರ್ತೈತೇನು?”

ಗದ್ದದ ಕೆಳಗೆ ಚರ್ಮ ಜೋಲುತ್ತಿತ್ತು. ನಡುವೆ ಎರಡು ಉದ್ದ ನರದಂಥ ಪಟ್ಟಿ. ವಿಡಿಯೊ ಕಾಲಲ್ಲಿ ಅವಳು ಯಾವಾಗಲೂ ಸೆರಗು ಹೊದ್ದುಕೊಂಡೇ ಕೂರ್ತಿದ್ದಳು. ನಾನು ಗಮನಿಸಿರಲಿಲ್ಲ. ಯಾಕೆಂದರೆ ನಾನು ನೋಡ್ತಿದ್ದದ್ದು ನನ್ನ ಚೌಕವನ್ನ.

“ಹದಿನೆಂಟ ಕಿಲೋ ಇಳಿಸೀನಿ. ಒಬ್ಬರರ ಚಲೋ ಆತು ಅಂದಾರೇನು? ಎದುರ ಬಂದವರೆಲ್ಲ ‘ಯಾಕ್ರೀ ಟೀಚರ್, ಆರಾಮಿಲ್ಲೇನು, ಇಷ್ಟ್ಯಾಕ ಸೊರಗೀರಿ’ ಅಂತಾರ. ಈ ಕೊಳ್ಳ ನೋಡೇ ಕೇಳ್ತಾರ.” ಫೋನ್ ತೆಗೆದು ಒಂದು ವಿಡಿಯೊ ತೋರಿಸಿದಳು. ಒಂದೇ ಸಿಟ್ಟಿಂಗಲ್ಲಿ ಕುತ್ತಿಗೆ ಬಿಗಿ, ನೋವಿಲ್ಲ, ಗಾಯವಿಲ್ಲ. “ಮೇ ತಿಂಗಳದಾಗ ನಿಮ್ಮ ಮಾಮಾನ ಮಗಳ ಲಗ್ನ. ಅದರೊಳಗ ಮಾಡಿಸ್ಕೋಬೇಕಂತೀನಿ. ಪಾಟ್ಲಿ ಮಾರಿದ್ರ ರೊಕ್ಕ ಆಗ್ತೈತಿ. ನಾ ದುಡದು ಮಾಡಿಸಿದ್ದು, ಯಾರನ್ನೂ ಕೇಳೂದಿಲ್ಲ.”

‘ಈ ವಯಸ್ಸಲ್ಲಿ ಯಾಕಬೇ ಇದೆಲ್ಲ’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಹದಿನೈದು ಸಾವಿರ ನೆನಪಾಗಿ ನುಂಗಿಕೊಂಡೆ. ಮೂವತ್ತರಲ್ಲಿ ನನಗೆ ಇರೋ ಹಕ್ಕು ಅರವತ್ತೊಂದರಲ್ಲಿ ಅವಳಿಗೆ ಯಾಕಿಲ್ಲ? ಮೊದಲು ನನ್ನ ವಿಷಯ ಒಪ್ಪಿಕೊಂಡೆ. ಅವಳು ಫೋಟೊ ನೋಡಿದಳು, ನನ್ನ ಕುತ್ತಿಗೆ ನೋಡಿದಳು. “ಹದಿನೈದ ಸಾವಿರಾ? ಈ ಗೆರಿಗಾ? ಇದು ಹುಟ್ಟಾ ಬಂದದ್ದಲ್ಲ!” ಅಂದಳು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಕೇಳಿದಳು, “ನಂದೇನ ಹೇಳು. ಖರೇ ಹೇಳು.”

ಮಡಿಕೆ ಬಿದ್ದ ಸೀರೆ, ಜಗ್ಗಿದ ಸೀರೆ

ಡಾಕ್ಟರ್ ಹೇಳಿದ್ದು, ಆಮೇಲೆ ನಾನು ಓದಿದ್ದು, ಎಲ್ಲ ಸೇರಿಸಿ ಅವ್ವನಿಗೆ ಹೇಳಿದ್ದನ್ನ ಇಲ್ಲೂ ಬರೀತೀನಿ. ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು.

ಕುತ್ತಿಗೆ ಚರ್ಮ ತೆಳು. ಎಣ್ಣೆ ಗ್ರಂಥಿಗಳೂ ಮುಖಕ್ಕಿಂತ ಕಡಿಮೆ. ಹಾಗಾಗಿ ಬೇಗ ಒಣಗುತ್ತೆ, ಗಾಯವಾದರೆ ನಿಧಾನಕ್ಕೆ ಮಾಯುತ್ತೆ. ಚರ್ಮದ ಕೆಳಗೆ ಎದೆಯ ಮೇಲ್ಭಾಗದಿಂದ ದವಡೆವರೆಗೆ ಪ್ಲಾಟಿಸ್ಮಾ ಅನ್ನೋ ತೆಳ್ಳನೆ ಸ್ನಾಯು ಹಾಸಿದೆ. ವಯಸ್ಸಾದ ಹಾಗೆ ಚರ್ಮದಲ್ಲಿರೋ ಕೊಲಾಜನ್, ಎಲಾಸ್ಟಿನ್ ಎಳೆಗಳು ಕಡಿಮೆಯಾಗುತ್ತವೆ. ಬಿಸಿಲು ಅದನ್ನ ಬೇಗ ಮಾಡಿಸುತ್ತೆ. ಸ್ನಾಯುವಿನ ಅಂಚು ಎದ್ದುಕಂಡರೆ ಅದೇ ಉದ್ದ ಪಟ್ಟಿ. ತೂಕ ಇಳಿದಾಗ ಒಳಗಿನ ಕೊಬ್ಬು ಹೋಗುತ್ತೆ, ಹಿಗ್ಗಿದ ಚರ್ಮ ಪೂರ್ತಿ ಕುಗ್ಗೋದಿಲ್ಲ.

ಅವ್ವ ನೇಕಾರರ ಮನೆಗೆ ಬಂದ ಸೊಸೆ. ತಟ್ಟನೆ ಹೇಳಿದಳು, “ಅಂದ್ರ ನಿಂದು ಮಡಿಕಿ ಬಿದ್ದ ಸೀರಿ. ನಂದು ಜಗ್ಗಿ ಅಗಲಾದ ಸೀರಿ. ಮಡಿಕಿಗೆ ಇಸ್ತ್ರಿ ಸಾಕು. ಜಗ್ಗಿದ್ದಕ್ಕ ಕತ್ತರಿಸಿ ಹೊಲೀಬೇಕು.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮಡಿಕೆಗೆ, ಅಂದರೆ ಗೆರೆಗೆ, ಮೊದಲ ಮದ್ದು ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ದಿನಾ, ಮುಖಕ್ಕೆ ಹಚ್ಚಿದಾಗ ಕುತ್ತಿಗೆಗೂ. ರಾತ್ರಿ ಹಚ್ಚೋ ರೆಟಿನಾಯ್ಡ್ ಕ್ರೀಮು ತಿಂಗಳುಗಟ್ಟಲೆ ಬಳಸಿದರೆ ಸೂಕ್ಷ್ಮ ಗೆರೆಗಳನ್ನ ಸ್ವಲ್ಪ ಮೃದುಮಾಡುತ್ತೆ. ಕುತ್ತಿಗೆಗೆ ಇದು ಬೇಗ ಉರಿ ತರಿಸುವುದರಿಂದ ಕಡಿಮೆ ಶಕ್ತಿಯದ್ದು, ವಾರಕ್ಕೆರಡು ಸಲದಿಂದ ಶುರು. ಗರ್ಭಿಣಿಯರು, ಗರ್ಭ ಧರಿಸೋ ಯೋಚನೆಯಲ್ಲಿರೋರು ಬಳಸಬಾರದು. ಆಳವಾದ ಅಡ್ಡ ಗೆರೆಗೆ ಹೈಅಲುರಾನಿಕ್ ಆಮ್ಲದ ಫಿಲ್ಲರನ್ನ ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಕೆಲವು ತಿಂಗಳು ಇರುತ್ತೆ, ಆಮೇಲೆ ಕರಗುತ್ತೆ. ತೆಳು ಚರ್ಮವಾದ್ದರಿಂದ ಗಂಟು ಕಾಣಬಹುದು. ಅಪರೂಪಕ್ಕೆ ರಕ್ತನಾಳಕ್ಕೆ ಹೋಗಿ ಕಟ್ಟಿಕೊಳ್ಳೋ ಅಪಾಯವೂ ಇದೆ.

ಉದ್ದ ಪಟ್ಟಿಗೆ ಬೊಟುಲಿನಮ್ ಟಾಕ್ಸಿನ್ ಅನ್ನೋ ಇಂಜೆಕ್ಷನ್. ನಾವೆಲ್ಲ ಬೊಟಾಕ್ಸ್ ಅಂತೀವಲ್ಲ, ಅದೇ. ಕುತ್ತಿಗೆಯ ಈ ಪಟ್ಟಿಗಳಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಪರಿಣಾಮ ಮೂರು-ನಾಲ್ಕು ತಿಂಗಳು. ಪ್ರಮಾಣ, ಜಾಗ ತಪ್ಪಿದರೆ ನುಂಗೋದು ಕಷ್ಟವಾಗಬಹುದು, ಕುತ್ತಿಗೆಗೆ ಬಲವಿಲ್ಲದಂತಾಗಬಹುದು. ಹಾಗಾಗಿ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳೋ ಮಾತೇ ಇಲ್ಲ.

ಅಲ್ಟ್ರಾಸೌಂಡ್, ರೇಡಿಯೊ ಫ್ರೀಕ್ವೆನ್ಸಿ ಯಂತ್ರಗಳು ಚರ್ಮದ ಒಳಪದರಕ್ಕೆ ಬಿಸಿ ಕೊಡುತ್ತವೆ. ಆ ಬಿಸಿಗೆ ಹೊಸ ಕೊಲಾಜನ್ ಹುಟ್ಟೋಕೆ ಎರಡು-ಮೂರು ತಿಂಗಳು ಬೇಕು. ಕುತ್ತಿಗೆಗೆ ಅಲ್ಟ್ರಾಸೌಂಡಿನ ಒಂದು ಯಂತ್ರಕ್ಕೆ 2012ರಿಂದ ಅಮೆರಿಕದಲ್ಲಿ ಪರವಾನಗಿ ಇದೆ, ಅಂದರೆ ಇದು ಮೋಸದ ತಂತ್ರವಲ್ಲ. ಆದರೆ ಕೆಲಸಕ್ಕೆ ಬರೋದು ಅಲ್ಪ ಸಡಿಲಿಗೆ, ಸಿಗೋ ಫಲವೂ ಅಲ್ಪ. ಒಂದೇ ಸಿಟ್ಟಿಂಗಲ್ಲಿ ಅವ್ವನ ಕುತ್ತಿಗೆ ಬಿಗಿಯಾಗುತ್ತೆ ಅನ್ನೋದು ಸುಳ್ಳು. ಲೇಸರ್ ಆದರೆ ನಮ್ಮ ಬಣ್ಣದ ಚರ್ಮಕ್ಕೆ ಆಮೇಲೆ ಕಪ್ಪು ಕಲೆ ಉಳಿಯೋ ಸಾಧ್ಯತೆ ಹೆಚ್ಚು. ಗದ್ದದ ಕೆಳಗಿನ ಕೊಬ್ಬು ಕರಗಿಸೋ ಇಂಜೆಕ್ಷನ್ನೂ ಒಂದಿದೆ. ಅದು ಕೊಬ್ಬಿಗೆ. ಸಡಿಲ ಚರ್ಮಕ್ಕೆ ಕೊಟ್ಟರೆ ಇನ್ನಷ್ಟು ಜೋಲಬಹುದು.

“ಉಳಿದದ್ದು ಕತ್ತರಿ” ಅಂದಳು ಅವ್ವ. ಹೌದು, ನೆಕ್ ಲಿಫ್ಟ್. ಕಿವಿಯ ಹಿಂದೆ, ಕೆಲವೊಮ್ಮೆ ಗದ್ದದ ಕೆಳಗೂ ಕೊಯ್ದು, ಸ್ನಾಯು ಬಿಗಿಮಾಡಿ, ಹೆಚ್ಚಿನ ಚರ್ಮ ತೆಗೀತಾರೆ. ಜಾಸ್ತಿ ಜೋತ ಚರ್ಮಕ್ಕೆ ನಿಜವಾಗಿ ಕೆಲಸ ಮಾಡೋದು ಇದೇ. ಆದರೆ ಇದು ದೊಡ್ಡ ಆಪರೇಷನ್. ಬಾವು, ಕಂದು ಇಳಿಯೋಕೆ ಒಂದೆರಡು ವಾರ. ಒಳಗೆ ರಕ್ತ ಹೆಪ್ಪುಗಟ್ಟೋದು, ಸೋಂಕು, ನರಕ್ಕೆ ಪೆಟ್ಟು, ಗಾಯದ ಗುರುತು ಇವೆಲ್ಲ ಇರೋ ಅಪಾಯಗಳು. ಸಕ್ಕರೆ ಇದ್ದವರಿಗೆ ಗಾಯ ಮಾಯೋದು ನಿಧಾನ, ಸೋಂಕಿನ ಭಯ ಜಾಸ್ತಿ. ಮೊದಲು ಸಕ್ಕರೆ ಹತೋಟಿಯಲ್ಲಿ ನಿಲ್ಲಬೇಕು, ತೂಕವೂ ಆರು ತಿಂಗಳಾದರೂ ಒಂದೇ ಕಡೆ ನಿಲ್ಲಬೇಕು. ಸೌಂದರ್ಯಕ್ಕೆ ಮಾಡಿಸಿಕೊಂಡದ್ದಕ್ಕೆ ಇನ್ಶೂರೆನ್ಸ್ ಸಾಮಾನ್ಯವಾಗಿ ಬರೋದಿಲ್ಲ.

ಅವ್ವ ಎಲ್ಲ ಕೇಳಿ ಸುಮ್ಮನಾದಳು. ಆಮೇಲೆ ಕುತ್ತಿಗೆ ಹಿಂಭಾಗ ಮುಟ್ಟಿಕೊಂಡಳು. “ಮೊದಲ ಇಲ್ಲಿ ಕರ್ರಗ ದಪ್ಪ ಆಗಿತ್ತಲ್ಲ, ನೆನಪೈತೇನು? ಹೊಲಸು ಅಂತ ಅರಿಷಿಣ, ಕಡ್ಲಿಹಿಟ್ಟು, ನಿಂಬಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾಗಿತ್ತು.”

ನೆನಪಿತ್ತು. ಅದು ಕೊಳೆಯಲ್ಲ. ಕುತ್ತಿಗೆಯ ಹಿಂದೆ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗೋದಕ್ಕೆ ವೈದ್ಯರು ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಅಂತಾರೆ. ಹೆಚ್ಚಿನವರಲ್ಲಿ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು. ಸಕ್ಕರೆ ಕಾಯಿಲೆ ಗೊತ್ತಾಗೋಕೆ ವರ್ಷಗಳ ಮೊದಲೇ ಕಾಣಿಸಿಕೊಳ್ಳಬಹುದು. ಅವ್ವನ ಕುತ್ತಿಗೆ ಮೊದಲೇ ಹೇಳಿತ್ತು. ನಾವು ಅರಿಶಿನ ಹಚ್ಚಿ ತಿಕ್ಕಿದೆವು. ತೂಕ ಇಳಿದ ಮೇಲೆ ಅದು ಬಹಳಷ್ಟು ತಿಳಿಯಾಗಿದೆ. ನಿಮ್ಮ ಮನೆಯಲ್ಲಿ, ಅದರಲ್ಲೂ ಮಕ್ಕಳಲ್ಲಿ, ಇಂಥದ್ದು ಕಂಡರೆ ತಿಕ್ಕಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ರೊಟ್ಟಿ ಬುಟ್ಟಿ

ಅಷ್ಟು ಹೊತ್ತಿಗೆ “ಊಟ ಮಾಡ್ರಿ ಯವ್ವಾ” ಅಂತ ಬುಟ್ಟಿ ಹೊತ್ತ ಅಜ್ಜಿ ಬಂದಳು. ಬನಶಂಕರಿಗೆ ಬಂದು ಹೋಟೆಲಿಗೆ ಹೋಗೋರು ದಡ್ಡರು. ಇಲ್ಲಿ ಗುಡಿ ಆವರಣಕ್ಕೇ ಊಟ ಬರುತ್ತೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಕಾಗದದ ತಟ್ಟೆ ಕೊಟ್ಟು ಎದುರಿಗೆ ಕೂತು ಬಡಿಸಿದಳು.

ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಕುತ್ತಿಗೆಯ ಎದುರು ಭಾಗ, ಎದೆಯ ಮೇಲಿನ ತೆರೆದ ಜಾಗ ಬಿರಿದ ಕೆರೆಯಂಗಳದ ಹಾಗೆ. ಆದರೆ ಗದ್ದದ ನೆರಳು ಬೀಳೋ ಜಾಗ ಮಾತ್ರ ನುಣುಪು, ಬಣ್ಣವೂ ತಿಳಿ. ಬಿಸಿಲು ಏನು ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಡ. ಒಂದೇ ಮೈ, ಒಂದೇ ವಯಸ್ಸು. ನಾಲ್ಕು ಬೆರಳಗಲದ ನೆರಳು ಅಷ್ಟು ವ್ಯತ್ಯಾಸ ಮಾಡಿದೆ.

ಅವ್ವ ಸುಮ್ಮನಿರಲಾರದೆ ಕೇಳಿಯೇಬಿಟ್ಟಳು. “ನನ್ನ ಕೊಳ್ಳ ಜೋತೈತಿ ಅಂತ ನನಗ ಚಿಂತಿ. ನಿಮಗೇನೂ ಅನಸೂದಿಲ್ಲೇನ ಆಯಿ?”

“ಬುಟ್ಟಿ ಹೊತ್ತ ಹೊತ್ತ ನನ್ನ ಕೊಳ್ಳ ಗಟ್ಟಿ ಐತಿ ನೋಡವಾ. ತೊಗಲು ಜೋತ್ರ ಜೋಲಲಿ” ಅಂತ ಅಜ್ಜಿ ನಕ್ಕಳು. ಹಳ್ಳಿಯವರಿಗೆ ಇಂಥ ಚಿಂತೆಯೇ ಇಲ್ಲ, ಎಷ್ಟು ನೆಮ್ಮದಿ ಅಂತ ನಾನು ಮನಸ್ಸಲ್ಲೇ ಒಂದು ಪೋಸ್ಟ್ ಬರೆಯೋಕೆ ಶುರುಮಾಡಿದ್ದೆ. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ಮುಂದುವರಿಸಿದಳು: “ಖರೇ ಹೇಳಬೇಕಂದ್ರ ನನಗ ಹಲ್ಲು ಕಟ್ಟಿಸ್ಕೋಬೇಕಂತ ಭಾಳ ಐತಿ. ಮಂದ್ಯಾಗ ನಗಾಕ ನಾಚಿಕಿ ಬರ್ತೈತಿ. ಮಗಾ ರೊಕ್ಕ ಕೊಡವಲ್ಲ. ಈ ಜಾತ್ರ್ಯಾಗ ಕೂಡಿಡಾಕತ್ತೀನಿ.”

ಪೋಸ್ಟ್ ಅಲ್ಲಿಗೇ ನಿಂತಿತು. ಅವ್ವ ಇನ್ನೂ ನಾಲ್ಕು ರೊಟ್ಟಿ ಕಟ್ಟಿಸಿಕೊಂಡಳು.

ಕಲ್ಲಿನ ಕೊರಳು

ಮಧ್ಯಾಹ್ನ ಟಂಟಂನಲ್ಲಿ ಬಾದಾಮಿಗೆ ವಾಪಸ್ ಬಂದೆವು. ಗುಹೆ ನೋಡೋಣ ಅಂದವಳು ಅವ್ವನೇ. ಮೊದಲು ಮೆಟ್ಟಿಲು ಅಂದರೆ ಕೆಳಗೇ ಕೂತು “ನೀವು ನೋಡಿ ಬರ್ರಿ” ಅಂತಿದ್ದಳು. ಈಗ ಹದಿನೆಂಟು ಕೈಯ ನಟರಾಜನ ಮುಂದೆ ಎರಡು ನಿಮಿಷ ನಿಂತು, ಸೀದಾ ಮೂರನೇ ಗುಹೆಗೆ ಹತ್ತಿದಳು. ಕ್ರಿ.ಶ. 578ರ ಮಂಗಳೇಶನ ಶಾಸನ ಇರೋ ಗುಹೆ ಅದು. ಕಂಬದ ಮೇಲಿನ ದಂಪತಿ ಶಿಲ್ಪಗಳನ್ನ ತಲೆಯೆತ್ತಿ ನೋಡ್ತಿದ್ದಾಗ ಅವ್ವ ಕೇಳಿದಳು, “ಕಂಬುಗ್ರೀವ ಅಂದ್ರ ಏನ ಹೇಳು?”

“ಟೀಚರ್, ನನಗೆ ಕನ್ನಡದಲ್ಲಿ ಎಂಬತ್ತೆರಡು ಬಂದಿದ್ದು ಅದಕ್ಕೇ” ಅಂದೆ.

ಕಂಬು ಅಂದರೆ ಶಂಖ. ಶಂಖದಂಥ ಕೊರಳು ಕಂಬುಗ್ರೀವ. ಮೂರು ಗೆರೆಯಿರೋ ಕೊರಳಿಗೆ ಆ ಹೆಸರು ಅಂತ ಅಮರಕೋಶವೇ ಹೇಳುತ್ತೆ. ನಮ್ಮ ಶಿಲ್ಪ ಸಂಪ್ರದಾಯದಲ್ಲಿ ಬುದ್ಧನ ಮೂರ್ತಿಯಿಂದ ಹಿಡಿದು ದೇವಿಯರವರೆಗೆ ಕೊರಳಿಗೆ ಮೂರು ಗೆರೆ ಬಿಡಿಸೋದು ಸೌಂದರ್ಯದ, ಸೌಭಾಗ್ಯದ ಲಕ್ಷಣ. “ಶಿಲ್ಪಿ ಕೂತು ಕೆತ್ತತಿದ್ದ. ನೀ ರೊಕ್ಕ ಕೊಟ್ಟು ಅಳಸಾಕ ಹೋಗಿದ್ದಿ” ಅಂದಳು ಅವ್ವ.

ಒಂದೊಂದೇ ಶಿಲ್ಪದ ಕೊರಳು ನೋಡಿದೆ. ಕೆಲವರದ್ದು ಸರದಲ್ಲಿ ಮುಚ್ಚಿಹೋಗಿದೆ, ಕೆಲವರದ್ದು ಸವೆದಿದೆ. ಒಬ್ಬಳ ಕೊರಳಲ್ಲಿ ಗೆರೆ ಕಂಡಿತು. ಶಿಲ್ಪಿ ಕೆತ್ತಿದ್ದೋ, ಬಾದಾಮಿಯ ಮರಳುಗಲ್ಲಿನ ಪದರವೋ, ಎಷ್ಟು ನೋಡಿದರೂ ಗೊತ್ತಾಗ್ಲಿಲ್ಲ.

ಹಾಗಂತ ಅವ್ವನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಶಂಖದ ಕೊರಳಿನ ಕಥೆ ಗೆರೆಗೆ ಸಮಾಧಾನ. ಜೋತ ಚರ್ಮಕ್ಕೆ ಅಲ್ಲ. ಗುಹೆಯ ಮುಂದಿನ ಕಟ್ಟೆ ಮೇಲೆ ಕೂತೆವು. ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಆಚೆ ದಡದಲ್ಲಿ ಭೂತನಾಥನ ಗುಡಿ. ಅವಳು ಲೆಕ್ಕ ಹಾಕ್ತಿದ್ದಳು. ಕೊನೆಗೆ ಹೇಳಿದಳು:

“ಪಾಟ್ಲಿ ಮಾರೂದಿಲ್ಲ. ಆ ವಿಡಿಯೊದವರ ಕಡೆ ಹೋಗೂದಿಲ್ಲ. ಆದ್ರ ನನಗ ಇದು ಬ್ಯಾಡಾಗೈತಿ, ಅದು ಸುಳ್ಳಲ್ಲ. ಆರು ತಿಂಗಳ ತೂಕ ಹಿಂಗ ಹಿಡೀತೀನಿ. ಸಕ್ಕರಿ ಹತೋಟಿಯೊಳಗ ಇತ್ತಂದ್ರ ಹುಬ್ಬಳ್ಳಿಗರ ಬೆಂಗಳೂರಿಗರ ಹೋಗಿ ಖರೇ ಪ್ಲಾಸ್ಟಿಕ್ ಸರ್ಜನ್‌ಗೆ ತೋರಸೂಣು. ಅವರು ಏನಂತಾರೋ ಕೇಳಿ ಆಮ್ಯಾಲ ನೋಡೂಣು. ನೀ ಬರ್ತೀಯಲ್ಲ?”

“ಬರ್ತೀನಿ” ಅಂದೆ. ಅವಳು ಬೇಡ ಅಂದಿದ್ದರೆ ನನಗೆ ಸುಲಭವಾಗ್ತಿತ್ತು. ‘ನೀನು ಇದ್ದ ಹಾಗೇ ಚೆಂದ’ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳು ಕೇಳಿದ್ದು ಹೊಗಳಿಕೆಯಲ್ಲ, ಮಾಹಿತಿ.

ಹೋಗೋ ಮುಂಚೆ ಇಷ್ಟು ಕೇಳಿ

ಬೆಂಗಳೂರಿಗೆ ಬಂದು ಪ್ಯಾಕೇಜ್ ರದ್ದು ಮಾಡಿಸಿದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ‘ಬೇರೆ ಸರ್ವಿಸಿಗೆ ಹೊಂದಿಸಿಕೊಳ್ಳಿ’ ಅಂದರು. ಆ ದುಡ್ಡು ಹೋದರೂ ನಿಮಗಾದರೂ ಉಪಯೋಗವಾಗಲಿ ಅಂತ ನಾಲ್ಕು ಮಾತು.

ನಿಮ್ಮನ್ನ ನೋಡ್ತಿರೋದು ಯಾರು? ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿದವರೋ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೋ, ಅಥವಾ ಟ್ಯಾಬ್ ಹಿಡಿದ ಕೌನ್ಸೆಲರೋ? ವೈದ್ಯರ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇದೆಯಾ ಅಂತ ನೋಡಿ. ನಿಮ್ಮದು ಗೆರೆಯೋ, ಪಟ್ಟಿಯೋ, ಕೊಬ್ಬೋ, ಸಡಿಲೋ ಅಂತ ಅವರು ಬಿಡಿಸಿ ಹೇಳಿದರಾ? ಎಷ್ಟು ತಿಂಗಳು ಇರುತ್ತೆ, ಮತ್ತೆ ಎಷ್ಟು ಸಲ ಬರಬೇಕು, ಏನು ತಪ್ಪಾಗಬಹುದು, ತಪ್ಪಾದರೆ ಯಾರು ನೋಡ್ಕೋತಾರೆ? ‘ಇವತ್ತೇ’ ಅಂದರೆ ಎದ್ದು ಬನ್ನಿ. ಕುತ್ತಿಗೆಯ ಗೆರೆ ಎಲ್ಲಿಗೂ ಓಡಿಹೋಗೋದಿಲ್ಲ. ಹೋಗೋದಾಗಿದ್ದರೆ ದುಡ್ಡು ಕೊಡೋದೇ ಬೇಕಿರಲಿಲ್ಲ.

ನಾನೀಗ ಲ್ಯಾಪ್‌ಟಾಪನ್ನ ನಾಲ್ಕು ಪುಸ್ತಕದ ಮೇಲೆ ಇಟ್ಟು ಕೆಲಸ ಮಾಡ್ತೀನಿ. ಕಾಲಲ್ಲಿ ನನ್ನ ಚೌಕ ಕಾಣದ ಹಾಗೆ ಸೆಟ್ಟಿಂಗ್ ಬದಲಿಸಿದ್ದೀನಿ. ಆ ಜಾಗದಲ್ಲಿ ಬೇರೆಯವರ ಮುಖ ಕಾಣುತ್ತೆ. ಭಾನುವಾರ ಅವ್ವನ ಜೊತೆ ಮಾತಾಡುವಾಗಲೂ ಅಷ್ಟೇ. ಅವಳು ಈಗಲೂ ಸೆರಗು ಹೊದ್ದುಕೊಂಡೇ ಕೂರ್ತಾಳೆ. ಕೆಲವು ದಿನ ಕುತ್ತಿಗೆ ಸುತ್ತ, ಕೆಲವು ದಿನ ಹೆಗಲ ಮೇಲೆ.

ಮೊನ್ನೆ ಅವಳ ಮೆಸೇಜ್ ಬಂತು: “ನೀ ಹೇಳಿದ ಸನ್‌ಸ್ಕ್ರೀನ್ ಹೆಸರ ಕಳಸು. ಎರಡ ಟ್ಯೂಬ್ ತರಸ್ತೀನಿ. ಒಂದು ನನಗ, ಒಂದು ಆ ರೊಟ್ಟಿ ಆಯಿಗೆ. ಹಲ್ಲಿನ ದವಾಖಾನಿದೂ ವಿಚಾರಿಸಾಕತ್ತೀನಿ.”